ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗಬೇಕಾ? ಮೊದಲು ಪ್ಯೂಪಿಲೇಜ್ ಯೋಚನೆ ಮಾಡಿ

ನಮ್ಮಲ್ಲಿ ಕೇಸು ಹಿಡಿಯುವವರು, ವಾದಿಸುವವರು ಎಲ್ಲರೂ ವಕೀಲರೇ. ಇಂಗ್ಲೆಂಡಿನಲ್ಲಿ ಹಾಗಲ್ಲ. ಕಕ್ಷಿದಾರರ ಕಾಗದಪತ್ರ ನೋಡುವವರು ಸಾಮಾನ್ಯವಾಗಿ ಸಾಲಿಸಿಟರ್, ಕೋರ್ಟಿನಲ್ಲಿ ನಿಂತು ವಾದಿಸುವವರು ಬ್ಯಾರಿಸ್ಟರ್. ಹಾಗೆ ವಾದಿಸಲು ಹಿರಿಯ ಬ್ಯಾರಿಸ್ಟರ್ ಕೈಕೆಳಗೆ ಪಡೆಯುವ ತರಬೇತಿಯೇ ಪ್ಯೂಪಿಲೇಜ್.

ಮೊದಲು ಪದವಿ. ಕಾನೂನು ಬಿಟ್ಟು ಬೇರೆ ಏನಾದರೂ ಓದಿದ್ದರೆ ಇನ್ನೊಂದು ಕಾನೂನು ಕೋರ್ಸ್ ಮಾಡಬೇಕು. ಆಮೇಲೆ ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್ ಈ ನಾಲ್ಕು 'ಇನ್'ಗಳಲ್ಲಿ, ಅಂದರೆ ಬ್ಯಾರಿಸ್ಟರ್‌ಗಳ ಸಂಘಗಳಲ್ಲಿ, ಒಂದಕ್ಕೆ ಸದಸ್ಯರಾಗಬೇಕು. ಗಾಂಧೀಜಿ 1891ರಲ್ಲಿ ಬ್ಯಾರಿಸ್ಟರ್ ಆದದ್ದು ಇನ್ನರ್ ಟೆಂಪಲ್‌ನಿಂದ. ಅಂಬೇಡ್ಕರ್ ಗ್ರೇಸ್ ಇನ್‌ನವರು. ಇನ್‌ನ ದೊಡ್ಡ ಹಾಲಿನಲ್ಲಿ ಎಲ್ಲರೂ ಕೂತು ಊಟ ಮಾಡುವ ಪದ್ಧತಿ ಈಗಲೂ ಇದೆ. ಇನ್‌ಗಳು ವಿದ್ಯಾರ್ಥಿವೇತನ ಕೊಡುತ್ತವೆ, ಅರ್ಜಿ ಹಾಕುವುದನ್ನು ಮರೆಯಬೇಡಿ.

ಮುಂದೆ ಬ್ಯಾರಿಸ್ಟರ್ ಆಗಲು ಓದಬೇಕಾದ ಬಾರ್ ಕೋರ್ಸ್. ಇಲ್ಲೇ ತುಂಬಾ ಜನ ಎಡವುತ್ತಾರೆ. ಕೋರ್ಸ್ ಪಾಸಾಗಿ ಬ್ಯಾರಿಸ್ಟರ್ ಅನ್ನಿಸಿಕೊಂಡರೂ ಪ್ಯೂಪಿಲೇಜ್ ಇಲ್ಲದೆ ವಾದಿಸುವ ಹಕ್ಕಿಲ್ಲ. ಕೋರ್ಸ್ ಮುಗಿದ 5 ವರ್ಷದೊಳಗೆ ಅದನ್ನು ಶುರು ಮಾಡಬೇಕು. ಸೀಟು ಕಡಿಮೆ, ಅರ್ಜಿ ಜಾಸ್ತಿ. ಹಾಗಾಗಿ ಬಾರ್ ಕೋರ್ಸಿಗೆ ಲಕ್ಷಾಂತರ ರೂಪಾಯಿ ಕಟ್ಟುವ ಮುಂಚೆಯೇ ಪ್ಯೂಪಿಲೇಜ್‌ಗೆ ಅರ್ಜಿ ಹಾಕಿ ನೋಡಿ. ಬ್ಯಾರಿಸ್ಟರ್‌ಗಳು ಹಂಚಿಕೊಂಡು ನಡೆಸುವ ಕಚೇರಿಯಾದ ಛೇಂಬರ್‌ನಲ್ಲಿ ಕೆಲವು ದಿನ ಜೊತೆಗಿದ್ದು ಕೆಲಸ ನೋಡುವ ಮಿನಿ ಪ್ಯೂಪಿಲೇಜ್ ಮಾಡಿ. ಸುಮ್ನೆ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದರೂ ಕಲಿಯುವುದು ಬೇಕಾದಷ್ಟಿದೆ.

ಪ್ಯೂಪಿಲೇಜ್ 12 ತಿಂಗಳು. ಮೊದಲ 6 ತಿಂಗಳು ಹಿರಿಯರ ಬೆನ್ನ ಹಿಂದೆ ಓಡಾಟ, ಟಿಪ್ಪಣಿ, ಕರಡು. ಮುಂದಿನ 6 ತಿಂಗಳು ನಿಮ್ಮದೇ ಕೇಸು. ಕ್ರಿಮಿನಲ್ ಕೇಸಾದರೆ ಸಂಜೆ ಛೇಂಬರ್‌ನ ಕ್ಲರ್ಕ್ ಫೋನ್ ಮಾಡುತ್ತಾರೆ: ನಾಳೆ ಬೆಳಿಗ್ಗೆ ಬೇರೆ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟು, ಜಾಮೀನು ಅರ್ಜಿ. ರಾತ್ರಿಯೆಲ್ಲ ಕಡತ ಓದಿ, ನಸುಕಿಗೇ ರೈಲು ಹತ್ತಬೇಕು. ಕೋರ್ಟಿನ ಲಾಕಪ್ಪಿನಲ್ಲಿ ಕೂತ ಹುಡುಗ ಕೇಳುವುದು ಒಂದೇ: 'ಇವತ್ತು ಮನೆಗೆ ಹೋಗ್ತೀನಾ?' ಅವನ ಜೊತೆ ಮಾತಾಡಲು ಸಿಗುವುದು ಕೆಲವೇ ನಿಮಿಷ. ಮಾತು ಕೊಡಬೇಡಿ. ಮನೆ ಎಲ್ಲಿ, ಯಾರ ಜೊತೆ ಇರುತ್ತಾನೆ, ಕೆಲಸ ಇದೆಯಾ ಎಂದು ಕೇಳಿಕೊಳ್ಳಿ. ಜಾಮೀನು ನಿಲ್ಲುವುದು ಇವುಗಳ ಮೇಲೆ.

ಇನ್ನು ದುಡ್ಡು. ಪ್ಯೂಪಿಲೇಜ್‌ನಲ್ಲಿ ಕನಿಷ್ಠ ಭತ್ಯೆ ಉಂಟು. ಅದು ಮುಗಿದ ಮೇಲೆ ಹೆಚ್ಚಿನವರದು ಸ್ವಂತ ದುಡಿಮೆ. ಸಂಬಳವಿಲ್ಲ, ರಜೆಯ ದುಡ್ಡಿಲ್ಲ, ಗಳಿಕೆಯಲ್ಲೊಂದು ಪಾಲು ಛೇಂಬರ್‌ಗೆ ಹೋಗುತ್ತದೆ. ಕಂಪನಿ ವ್ಯಾಜ್ಯದ ಕಿರಿಯರು ಚೆನ್ನಾಗಿ ಗಳಿಸುತ್ತಾರೆ. ಸರ್ಕಾರಿ ನೆರವಿನ ಕ್ರಿಮಿನಲ್ ಕೇಸಿನವರ ಪಾಡು ಬೇರೆ. ಮೊದಲ 3 ವರ್ಷ ಅವರ ಮಧ್ಯಕ ಆದಾಯ (ಅರ್ಧದಷ್ಟು ಜನರದು ಇದಕ್ಕಿಂತ ಕಡಿಮೆ) ವರ್ಷಕ್ಕೆ 12,200 ಪೌಂಡ್ ಎಂದು ಅವರ ಸಂಘವೇ 2022ರಲ್ಲಿ ಹೇಳಿತ್ತು. ಅದೇ ವರ್ಷ ಕೋರ್ಟ್ ಬಹಿಷ್ಕರಿಸಿದರು, ಶುಲ್ಕ ಶೇ 15 ಏರಿದ ಮೇಲೆ ವಾಪಸಾದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಬಡವರ ಪರ ನಿಲ್ಲುವವರು ಬಾಡಿಗೆ ಕಟ್ಟಲಾಗದೆ ಕೆಲಸ ಬಿಟ್ಟರೆ ಆ ಲಾಕಪ್ಪಿನ ಹುಡುಗನಿಗೆ ಯಾರಿದ್ದಾರೆ? ಬಿಲ್ಲಿನ ಹಣ ಕೈಗೆ ಬರುವುದು ತಡ, ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಇಳಿಯಿರಿ.

ಭಾರತದಲ್ಲಿ ಈಗಾಗಲೇ ವಕೀಲಿಕೆ ಮಾಡುತ್ತಿರುವವರು ಮೊದಲಿಂದ ಶುರು ಮಾಡಬೇಕಿಲ್ಲ. ಅನುಭವದ ದಾಖಲೆ ಜೋಡಿಸಿಕೊಂಡು ಬ್ಯಾರಿಸ್ಟರ್‌ಗಳ ನಿಯಂತ್ರಣ ಸಂಸ್ಥೆಯಾದ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್‌ಗೆ ಅರ್ಜಿ ಹಾಕಿ. ಯಾವ ಪರೀಕ್ಷೆ ಬರೆಯಬೇಕು, ಯಾವುದಕ್ಕೆ ವಿನಾಯಿತಿ ಎಂದು ಅವರೇ ತಿಳಿಸುತ್ತಾರೆ.