ಎದುರಾಳಿಗಳ ಪಂದ್ಯ ರದ್ದಾದಾಗ: ಅಮೆರಿಕದ ಕಾಲೇಜು ಫುಟ್‌ಬಾಲ್ ವ್ಯವಸ್ಥೆಯಲ್ಲಿ ತೀರ್ಮಾನ ಯಾರದು?

ಓದಿಗೋ ಕೆಲಸಕ್ಕೋ ಓಹಾಯೋದ ಕೊಲಂಬಸ್‌ಗೆ ಬಂದ ಕನ್ನಡಿಗರು ನವೆಂಬರ್ ಕೊನೆಯ ವಾರದಲ್ಲಿ ಒಂದು ವಿಚಿತ್ರವನ್ನು ಕಾಣುತ್ತಾರೆ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಆವರಣದ ಫಲಕಗಳಲ್ಲಿರುವ ಇಂಗ್ಲಿಷಿನ ‘ಎಂ’ ಅಕ್ಷರಗಳ ಮೇಲೆಲ್ಲ ಕೆಂಪು ಟೇಪು ಅಡ್ಡ ಬಿದ್ದಿರುತ್ತದೆ. ವರ್ಷಕ್ಕೊಮ್ಮೆ ನಡೆಯುವ ಫುಟ್‌ಬಾಲ್ ಪಂದ್ಯದ ಸಾಂಪ್ರದಾಯಿಕ ಎದುರಾಳಿ ಮಿಷಿಗನ್ ವಿಶ್ವವಿದ್ಯಾಲಯದ ಮೊದಲಕ್ಷರ ಆ ವಾರ ಅಲ್ಲಿ ನಿಷಿದ್ಧ. ಇಂಥ ಪಂದ್ಯವೇ ನಡೆಯಲಿಕ್ಕಿಲ್ಲ ಎಂಬ ಸುದ್ದಿ ಹರಡಿದಾಗ ಸಹೋದ್ಯೋಗಿಗಳು ಮೊದಲು ಮಂಕಾಗಿ, ಮರುಗಳಿಗೆಯಲ್ಲೇ ಎದುರಾಳಿಯನ್ನು ಹೇಡಿ ಎಂದು ಹಳಿಯುವುದನ್ನು ಕಂಡು ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಆ ಸಿಟ್ಟಿಗೆ ಒಂದು ತರ್ಕವಿದೆ, ಮತ್ತು ಅದು ಪಂದ್ಯವನ್ನು ಕೈಬಿಟ್ಟವರು ಯಾರು ಎಂಬುದರ ಮೇಲೆ ನಿಂತಿದೆ.

ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಆಟಗಾರರ ಅರ್ಹತೆಯ ನಿಯಮಗಳನ್ನು ಮಾಡುತ್ತದೆಯೇ ಹೊರತು ಯಾರು ಯಾರೊಡನೆ ಯಾವಾಗ ಆಡಬೇಕೆಂಬುದನ್ನು ಅದು ಗೊತ್ತುಮಾಡುವುದಿಲ್ಲ. ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ‘ಕಾನ್ಫರೆನ್ಸ್’ ಎಂಬ ಕೂಟ ತನ್ನ ಸದಸ್ಯರೊಳಗಿನ ಪಂದ್ಯಗಳನ್ನು ನಿಗದಿಪಡಿಸುತ್ತದೆ. ಓಹಾಯೋ ಸ್ಟೇಟ್ ಮತ್ತು ಮಿಷಿಗನ್ ಎರಡೂ ಬಿಗ್ ಟೆನ್ ಕಾನ್ಫರೆನ್ಸಿಗೆ ಸೇರಿದವು. ಕೂಟದ ಹೊರಗಿನ ತಂಡದೊಡನೆ ಆಡಬೇಕಾದರೆ ಎರಡು ವಿಶ್ವವಿದ್ಯಾಲಯಗಳು ನೇರವಾಗಿ ಕರಾರು ಮಾಡಿಕೊಳ್ಳುತ್ತವೆ, ಕಾರಣವಿಲ್ಲದೆ ಹಿಂದೆ ಸರಿದವರು ಪರಿಹಾರ ಕೊಡಬೇಕೆಂಬ ಷರತ್ತೂ ಅದರಲ್ಲಿ ಸಾಮಾನ್ಯ. ಸಾಧಾರಣ ಋತುವಿನಲ್ಲಿ, ಅಂದರೆ ಸೀಸನ್‌ನಲ್ಲಿ, ಒಂದು ತಂಡಕ್ಕೆ ಸಿಗುವುದು 12 ಪಂದ್ಯ, ಅದರಲ್ಲಿ ಸಾಂಪ್ರದಾಯಿಕ ಎದುರಾಳಿಯೊಡನೆ ಒಂದೇ ಒಂದು. ಅದು ತಪ್ಪಿದರೆ ಸೋಲು-ಗೆಲುವಿನ ಲೆಕ್ಕ ಇಡೀ ವರ್ಷ ಬಾಕಿ ಉಳಿಯುತ್ತದೆ. ಕಾಲೇಜು ತಂಡದ ಆಟ ನೋಡಲು ಆಟಗಾರರ ಗೆಳೆಯರಷ್ಟೇ ಬರುವುದನ್ನು ಕಂಡ ನಮಗೆ, ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರಿನಲ್ಲಿ ಲಕ್ಷಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ತುಂಬುವುದನ್ನು ನಂಬಲು ಸ್ವಲ್ಪ ಕಾಲ ಬೇಕಾಗುತ್ತದೆ.

2020ರ ಉದಾಹರಣೆಯಲ್ಲಿ ಈ ವ್ಯವಸ್ಥೆಯ ಎಲ್ಲ ಕೀಲುಗಳೂ ಕಾಣುತ್ತವೆ. ಕೋವಿಡ್ ಕಾರಣದಿಂದ ಬಿಗ್ ಟೆನ್ ಆಗಸ್ಟ್‌ನಲ್ಲಿ ಋತುವನ್ನೇ ಮುಂದೂಡಿ, ಸೆಪ್ಟೆಂಬರ್‌ನಲ್ಲಿ ಮನಸ್ಸು ಬದಲಿಸಿ, ಅಕ್ಟೋಬರ್ ಕೊನೆಯಲ್ಲಿ ಆಟ ಆರಂಭಿಸಿತು. ಓಹಾಯೋ ಸ್ಟೇಟ್ ಐದಕ್ಕೆ ಐದೂ ಪಂದ್ಯ ಗೆದ್ದಿತ್ತು. ಮಿಷಿಗನ್ ಆರರಲ್ಲಿ ನಾಲ್ಕನ್ನು ಸೋತಿತ್ತು. ಡಿಸೆಂಬರ್ 12ರಂದು ನಡೆಯಬೇಕಿದ್ದ ಪಂದ್ಯವನ್ನು, ತನ್ನ ತಂಡದಲ್ಲಿ ಸೋಂಕು ಹರಡಿದೆ ಎಂಬ ಕಾರಣ ಕೊಟ್ಟು ಮಿಷಿಗನ್ ಡಿಸೆಂಬರ್ 8ರಂದು ಕೈಬಿಟ್ಟಿತು. 1918ರಿಂದ 2019ರವರೆಗೆ, ಎರಡನೆಯ ಮಹಾಯುದ್ಧದ ವರ್ಷಗಳೂ ಸೇರಿ, ಈ ಎರಡು ತಂಡಗಳು ಪ್ರತಿವರ್ಷವೂ ಆಡಿದ್ದವು.

ರದ್ದಾಗುವ ಮೊದಲೇ ಗುಮಾನಿ ಎದ್ದಿತ್ತು. ಓಹಾಯೋ ಸ್ಟೇಟಿನ ಹಳೆಯ ಆಟಗಾರ, ಇಎಸ್‌ಪಿಎನ್ ಕ್ರೀಡಾ ವಾಹಿನಿಯ ವಿಶ್ಲೇಷಕ ಕರ್ಕ್ ಹರ್ಬ್‌ಸ್ಟ್ರೀಟ್, ಮಿಷಿಗನ್ ಆಟ ತಪ್ಪಿಸಿಕೊಳ್ಳಲು ನೋಡಬಹುದು ಎಂಬರ್ಥದಲ್ಲಿ ಟಿವಿಯಲ್ಲಿ ಮಾತಾಡಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಕೊಲಂಬಸ್ಸಿನ ಅಭಿಮಾನಿಗಳ ಆತಂಕಕ್ಕೆ ಮಾತ್ರ ಬಲವಾದ ಕಾರಣವಿತ್ತು: ಕಾನ್ಫರೆನ್ಸ್ ಫೈನಲ್‌ಗೆ ಹೋಗಲು ಕನಿಷ್ಠ ಆರು ಪಂದ್ಯ ಆಡಿರಬೇಕೆಂದು ಬಿಗ್ ಟೆನ್ ನಿಯಮ ಮಾಡಿತ್ತು, ಓಹಾಯೋ ಸ್ಟೇಟಿಗೆ ಒಂದು ಕಡಿಮೆ ಬಿತ್ತು. ರದ್ದಾದ ಪಂದ್ಯವನ್ನು ಎದುರಾಳಿಯ ಗೆಲುವೆಂದು ಬರೆಯುವ ಪದ್ಧತಿಯೂ ಆ ವರ್ಷ ಇರಲಿಲ್ಲ. ಅದು ನಡೆದೇ ಇಲ್ಲವೆಂದು ಎಣಿಸಲಾಯಿತು. ಮರುದಿನವೇ ಬಿಗ್ ಟೆನ್ ಆ ನಿಯಮವನ್ನು ಕೈಬಿಟ್ಟಾಗ ಕೊಲಂಬಸ್ ನಿಟ್ಟುಸಿರು ಬಿಟ್ಟಿತು, ಆದರೆ ಹಳೆಯ ನಿಯಮದಂತೆ ಫೈನಲ್ ತಲುಪಬಹುದಾಗಿದ್ದ ಇಂಡಿಯಾನದ ಅಭಿಮಾನಿಗಳು ಕೆಂಡವಾದರು. ಅವರ ತಂಡ ನವೆಂಬರ್‌ನಲ್ಲಿ ಓಹಾಯೋ ಸ್ಟೇಟಿಗೆ 42-35ರಿಂದ ಸೋತಿದ್ದರೂ, ಬಲಾಢ್ಯರಿಗೆ ಬೇಕಾದಾಗ ನಿಯಮ ಬಾಗುತ್ತದೆ ಎಂಬ ಅವರ ದೂರು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಓಹಾಯೋ ಸ್ಟೇಟ್ ಫೈನಲ್‌ನಲ್ಲಿ ನಾರ್ತ್‌ವೆಸ್ಟರ್ನ್ ತಂಡವನ್ನು 22-10ರಿಂದ ಮಣಿಸಿತು. ಮುಂದಿನ ವರ್ಷ ಆನ್ ಆರ್ಬರಿನಲ್ಲಿ ಮಿಷಿಗನ್ 42-27ರಿಂದ ಗೆದ್ದ ಮೇಲೆ ‘ಹೇಡಿ’ ಎಂಬ ಮಾತು ಬಹುಮಟ್ಟಿಗೆ ಅಡಗಿತು.

ಮುಂದೂಡಿಕೆಯ ಕಥೆ ಬೇರೆ. ಅಧ್ಯಕ್ಷ ಕೆನಡಿಯವರ ಹತ್ಯೆಯಾದ 1963ರಲ್ಲಿ ಸೇನೆ ಮತ್ತು ನೌಕಾಪಡೆ ಅಕಾಡೆಮಿಗಳ ಪಂದ್ಯ ಒಂದು ವಾರ ತಡವಾಗಿ, ಡಿಸೆಂಬರ್ 7ರಂದು ನಡೆಯಿತು. ಯಾರೂ ಯಾರನ್ನೂ ದೂರಲಿಲ್ಲ. 2016ರಲ್ಲಿ ಮ್ಯಾಥ್ಯೂ ಚಂಡಮಾರುತದಿಂದ ಫ್ಲೋರಿಡಾ ಮತ್ತು ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಪಂದ್ಯ ತಪ್ಪಿದಾಗ ಅಷ್ಟು ಸಮಾಧಾನವಿರಲಿಲ್ಲ. ಫ್ಲೋರಿಡಾ ನೆಪ ಹೇಳುತ್ತಿದೆ ಎಂದು ಎಲ್‌ಎಸ್‌ಯು ಕಡೆಯವರು ಜರೆದರು. ಪಂದ್ಯವನ್ನು ನವೆಂಬರ್‌ನಲ್ಲಿ ಎಲ್‌ಎಸ್‌ಯು ಅಂಗಳಕ್ಕೇ ಸ್ಥಳಾಂತರಿಸಿದಾಗ, ಅಲ್ಲಿಗೆ ಹೋದ ಫ್ಲೋರಿಡಾ 16-10ರಿಂದ ಗೆದ್ದು ಬಂದಿತು.

ದೀರ್ಘಕಾಲದ ನೋವು ಹುಟ್ಟುವುದು ಪಂದ್ಯ ವೇಳಾಪಟ್ಟಿಯಿಂದಲೇ ಬಿದ್ದುಹೋದಾಗ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2012ರಲ್ಲಿ ಬಿಗ್ 12 ಎಂಬ ಕೂಟ ಬಿಟ್ಟು ಎಸ್‌ಇಸಿ ಎಂಬ ಇನ್ನೊಂದು ಕೂಟಕ್ಕೆ ಸೇರಿತು, 1894ರಲ್ಲಿ ಮೊದಲಾಗಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯದೊಡನೆಯ ಪಂದ್ಯ ಅಲ್ಲಿಗೆ ನಿಂತಿತು. 2011ರ ಕೊನೆಯ ಭೇಟಿಯನ್ನು ಟೆಕ್ಸಾಸ್ ಕಟ್ಟಕಡೆಯ ಕ್ಷಣದ ಫೀಲ್ಡ್ ಗೋಲಿನಿಂದ 27-25ರಲ್ಲಿ ಗೆದ್ದುದರಿಂದ, ಸೇಡು ತೀರಿಸುವ ದಾರಿಯೇ ಇಲ್ಲದೆ ಎ ಅಂಡ್ ಎಂ ಅಭಿಮಾನಿಗಳು ವರ್ಷಗಟ್ಟಲೆ ಕುದಿದರು. ಕೂಟ ಬಿಟ್ಟು ಹೋದವರೇ ಪಂದ್ಯ ಕೊಂದರು ಎಂದು ಒಂದು ಕಡೆ, ಟೆಕ್ಸಾಸ್ ಸೊಕ್ಕಿನಿಂದ ಕರಾರಿಗೆ ಒಪ್ಪುತ್ತಿಲ್ಲ ಎಂದು ಇನ್ನೊಂದು ಕಡೆ. 2013ರಲ್ಲಿ ಪಂದ್ಯವನ್ನು ಕಡ್ಡಾಯ ಮಾಡುವ ಮಸೂದೆ ರಾಜ್ಯದ ಶಾಸನಸಭೆಗೂ ಬಂದಿತ್ತು, ಅಂಗೀಕಾರವಾಗಲಿಲ್ಲ. ವಿಚಿತ್ರವೆಂದರೆ, ಪಂದ್ಯವೇ ಇಲ್ಲದ ಅಷ್ಟೂ ವರ್ಷ ಎ ಅಂಡ್ ಎಂ ಅಭಿಮಾನಿಗಳು ಯಾರೊಡನೆ ಆಡಿದರೂ ಒಬ್ಬರನ್ನೊಬ್ಬರು ತಬ್ಬಿ ನಿಂತು, ಅತ್ತಿತ್ತ ತೂಗುತ್ತ, ಟೆಕ್ಸಾಸ್ ತಂಡದ ಲಾಂಛನವಾದ ಉದ್ದ ಕೋಡಿನ ಗೂಳಿಯ ಕೋಡು ಕತ್ತರಿಸುವ ಹಾಡನ್ನೇ ಹಾಡಿದರು. ಟೆಕ್ಸಾಸ್ ಕೂಡ ಎಸ್‌ಇಸಿಗೆ ಸೇರಿದ 2024ರಲ್ಲಷ್ಟೇ ಪಂದ್ಯ ಮರಳಿತು, 17-7ರಿಂದ ಟೆಕ್ಸಾಸೇ ಗೆದ್ದಿತು.

ಇನ್ನು ನಿಮ್ಮ ದುಡ್ಡಿನ ವಿಷಯ. ಸಾಮಾನ್ಯವಾಗಿ ಪಂದ್ಯ ಮುಂದೂಡಿದರೆ ಟಿಕೆಟ್ ಹೊಸ ದಿನಾಂಕಕ್ಕೆ ಸಲ್ಲುತ್ತದೆ, ರದ್ದಾದರಷ್ಟೇ ಹಣ ವಾಪಸಾಗುತ್ತದೆ. ಮರುಮಾರಾಟದ ಜಾಲತಾಣದಲ್ಲಿ ಕೊಂಡಿದ್ದರೆ ಆ ತಾಣದ ಷರತ್ತು ಅನ್ವಯವಾಗುತ್ತದೆ, ಕೆಲವೊಮ್ಮೆ ನಗದಿನ ಬದಲು ಕ್ರೆಡಿಟ್ ಮಾತ್ರ ಸಿಗಬಹುದು. ಸೀಸನ್ ಟಿಕೆಟ್ ಪಡೆಯಲು ಕೊಟ್ಟ ದೇಣಿಗೆಯ ಲೆಕ್ಕ ಬೇರೆ. 2020ರಲ್ಲಿ ಹಲವು ವಿಶ್ವವಿದ್ಯಾಲಯಗಳು ಹಣ ಹಿಂಪಡೆಯುವ, ಮುಂದಿನ ವರ್ಷಕ್ಕೆ ಇಡುವ ಅಥವಾ ದೇಣಿಗೆಯಾಗಿ ಬಿಡುವ ಆಯ್ಕೆ ಕೊಟ್ಟಿದ್ದವು. ವಿಮಾನ ಮತ್ತು ಹೋಟೆಲಿನ ಹೊಣೆ ಮಾತ್ರ ಯಾವ ವಿಶ್ವವಿದ್ಯಾಲಯವೂ ಹೊರುವುದಿಲ್ಲ. ಪಂದ್ಯದ ವಾರಾಂತ್ಯದಲ್ಲಿ ಅನೇಕ ಹೋಟೆಲುಗಳು ಎರಡು ರಾತ್ರಿಯ ಬಾಡಿಗೆಯನ್ನು ಕಡ್ಡಾಯ ಮಾಡುತ್ತವೆ, ರದ್ದುಮಾಡಿದರೆ ಹಿಂದಿರುಗಿಸುವುದಿಲ್ಲ. ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಪಂದ್ಯ ತೋರಿಸುವ ಯೋಜನೆಯಿದ್ದರೆ ಬುಕಿಂಗ್ ಮಾಡುವಾಗಲೇ ಹೋಟೆಲಿನ ಈ ಷರತ್ತನ್ನು ಓದಿಕೊಳ್ಳಿ. ಎಷ್ಟೋ ಪಂದ್ಯಗಳ ಆರಂಭದ ಸಮಯವನ್ನು ಟಿವಿ ವಾಹಿನಿಗಳ ಅನುಕೂಲ ನೋಡಿಕೊಂಡು ಎರಡು ವಾರಕ್ಕಿಂತ ಕಡಿಮೆ ಅವಧಿ ಇರುವಾಗ ಪ್ರಕಟಿಸುವುದರಿಂದ, ಅದೇ ದಿನ ಸಂಜೆಯ ವಿಮಾನಕ್ಕೆ ಟಿಕೆಟ್ ತೆಗೆಯದಿರುವುದು ಒಳ್ಳೆಯದು.