ಲೇಸರ್ ಮಾಡಿಸಿ ಕನ್ನಡಕ ಬಿಡಬೇಕು ಅಂದುಕೊಂಡವರಿಗೆ

ಬಲಗಣ್ಣು ಮೈನಸ್ 5.25, ಎಡಗಣ್ಣು ಮೈನಸ್ 4.5, ಜೊತೆಗೆ ಒಂಚೂರು ಸಿಲಿಂಡರ್, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದಕ್ಕೆ ಹಾಕುವ ನಂಬರ್. ಇದು ನನ್ನ ಹಳೇ ನಂಬರ್. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದಕ್ಕೂ ಕನ್ನಡಕ ಬೇಕಿತ್ತು. ಲೇಸರ್ ಮಾಡಿಸಿಕೊಂಡ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ನೋವಾಯ್ತಾ?" ಆಪರೇಷನ್ ಹತ್ತು ಹದಿನೈದು ನಿಮಿಷದ ಕೆಲಸ, ಅದರಲ್ಲಿ ನೀವು ಮಾಡುವುದಕ್ಕೆ ಹೆಚ್ಚೇನೂ ಇಲ್ಲ, ಸುಮ್ನೆ ಮಲಗಿರಬೇಕು ಅಷ್ಟೇ. ನಿಮ್ಮ ಕೈಯಲ್ಲಿರುವುದು ಅದಕ್ಕೆ ಮುಂಚಿನ ಎರಡು ವಾರ ಮತ್ತು ಆಮೇಲಿನ ಕೆಲವು ತಿಂಗಳು. ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ

ಕಣ್ಣಿನ ಮುಂಭಾಗದಲ್ಲಿ ಗಾಜಿನ ಹಾಗೆ ತಿಳಿಯಾಗಿರುವ ಪದರವೇ ಕಾರ್ನಿಯಾ. ಲೇಸರ್ ಕೆಲಸ ಮಾಡುವುದು ಇದರ ಮೇಲೆ ಮಾತ್ರ. ಮೈನಸ್ ಪವರ್ ಇದ್ದರೆ ನಡುಭಾಗವನ್ನು ಕೊಂಚ ಚಪ್ಪಟೆ ಮಾಡುತ್ತಾರೆ, ಪ್ಲಸ್ ಇದ್ದರೆ ಸುತ್ತಲೂ ತೆಗೆದು ನಡುವೆ ಉಬ್ಬಿಸುತ್ತಾರೆ. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಎಲ್ಲಾ ಎಚ್ಚರಿಕೆಗೂ ಮೂಲ ಇದೇ.

ಕಾರ್ನಿಯಾದ ನಡುಭಾಗದ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಒಂಚೂರು ಜಾಸ್ತಿ. ಒಂದು ನಂಬರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ತೆಗೆಯಬೇಕಾಗುತ್ತದೆ. ಲ್ಯಾಸಿಕ್ ಅನ್ನುವ ಲೇಸರ್ ವಿಧಾನದಲ್ಲಿ ಮೇಲೆ ಎತ್ತುವ ತೆಳು ಮುಚ್ಚಳಕ್ಕೇ, ಅದನ್ನು ಫ್ಲ್ಯಾಪ್ ಅನ್ನುತ್ತಾರೆ, 100ರಿಂದ 120 ಮೈಕ್ರಾನ್ ಹೋಗುತ್ತದೆ. ಇದೆಲ್ಲ ಕಳೆದು ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು, 300 ಉಳಿದರೇನೇ ಸಮಾಧಾನ ಅನ್ನುವ ಡಾಕ್ಟರ್‌ಗಳೂ ಇದ್ದಾರೆ. ನನ್ನಂಥ ಐದು ನಂಬರ್‌ನವರಿಗೆ 540ರಲ್ಲಿ 110 ಮತ್ತು 75 ಕಳೆದರೆ 355 ಉಳಿಯಿತು, ತೊಂದರೆಯಿಲ್ಲ. ಅದೇ 480 ದಪ್ಪದ ಕಾರ್ನಿಯಾ, ಎಂಟು ನಂಬರ್ ಇದ್ದರೆ? ಅಂಚಿಗೆ ಬಂದು ನಿಲ್ಲುತ್ತದೆ. ಅಂಥವರಿಗೆ ಡಾಕ್ಟರ್ "ಬೇಡ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಕಾರ್ನಿಯಾ ತೀರಾ ತೆಳುವಾದರೆ ಮುಂದಕ್ಕೆ ಉಬ್ಬುತ್ತಾ ಹೋಗಬಹುದು, ಆಮೇಲೆ ಕನ್ನಡಕ ಹಾಕಿದರೂ ನೋಟ ಸರಿಹೋಗುವುದಿಲ್ಲ. ಕಣ್ಣಿನೊಳಗೆ ಲೆನ್ಸ್ ಇಡುವ ಐಸಿಎಲ್ ಅಂತ ಬೇರೆ ದಾರಿ ಇದೆ, ಅದರ ಬಗ್ಗೆ ಕೇಳಿ.

ಯಾವ ವಿಧಾನ?

ಮುಖ್ಯವಾಗಿ ಮೂರು. ಲ್ಯಾಸಿಕ್‌ನಲ್ಲಿ ಫ್ಲ್ಯಾಪ್ ಎತ್ತಿ, ಕೆಳಗೆ ಲೇಸರ್ ಹಾಯಿಸಿ, ಫ್ಲ್ಯಾಪ್ ವಾಪಸ್ ಮುಚ್ಚುತ್ತಾರೆ. ಮಾರನೇ ದಿನವೇ ಚೆನ್ನಾಗಿ ಕಾಣುತ್ತದೆ. ಪಿಆರ್‌ಕೆ ಇದಕ್ಕಿಂತ ಹಳೆಯದು. ಫ್ಲ್ಯಾಪ್ ಇಲ್ಲ, ಕಾರ್ನಿಯಾದ ಮೇಲಿನ ಚರ್ಮದಂಥ ಪದರ ತೆಗೆದು ಲೇಸರ್ ಮಾಡುತ್ತಾರೆ, ಆ ಪದರ ಕೆಲವೇ ದಿನದಲ್ಲಿ ತಾನೇ ಬೆಳೆಯುತ್ತದೆ. ನೋವು ಜಾಸ್ತಿ, ನೋಟ ತಿಳಿಯಾಗಲು ವಾರಗಳೇ ಬೇಕು. ಆದರೆ ಕಾರ್ನಿಯಾ ಸ್ವಲ್ಪ ತೆಳು ಇದ್ದವರಿಗೆ, ಕುಸ್ತಿ ಬಾಕ್ಸಿಂಗ್ ಥರ ಕಣ್ಣಿಗೆ ಪೆಟ್ಟು ಬೀಳುವಂಥ ಕೆಲಸ ಇರುವವರಿಗೆ ಇದೇ ವಾಸಿ, ಯಾಕೆಂದರೆ ಸರಿಯುವುದಕ್ಕೆ ಫ್ಲ್ಯಾಪೇ ಇಲ್ಲ. ಮೂರನೆಯದು ಸ್ಮೈಲ್. ಲೇಸರ್ ಕಾರ್ನಿಯಾದ ಒಳಗೇ ಒಂದು ಸಣ್ಣ ಬಿಲ್ಲೆ ಕತ್ತರಿಸುತ್ತದೆ, ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ಅದನ್ನು ಹೊರಗೆ ಎಳೆದುಕೊಳ್ಳುತ್ತಾರೆ. ಹೆಚ್ಚಾಗಿ ಮೈನಸ್ ಇದ್ದವರಿಗೆ ಮಾಡುತ್ತಾರೆ.

ಹೊಸದೆಂದರೆ ಒಳ್ಳೆಯದು ಅಂತ ಹಠ ಹಿಡಿಯಬೇಡಿ. ನಿಮ್ಮ ಕಣ್ಣಿಗೆ ಯಾವುದು, ಯಾಕೆ ಅಂತ ಕೇಳಿ. "ಯಾಕೆ" ಅನ್ನುವುದಕ್ಕೆ ಉತ್ತರ ಬರಲೇಬೇಕು.

ಸ್ವಲ್ಪ ತಡೆಯಬೇಕಾದವರು

ಹದಿನೆಂಟು ತುಂಬಿರಬೇಕು. ಅದಕ್ಕಿಂತ ಮುಖ್ಯ, ಕಳೆದ ಒಂದು ವರ್ಷದಲ್ಲಿ ನಂಬರ್ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ಹಳೇ ಚೀಟಿ ಹುಡುಕಿ ತೆಗೆದುಕೊಂಡು ಹೋಗಿ, ನೆನಪಿನ ಮೇಲೆ ಹೇಳಬೇಡಿ. ಬಸುರಿಯರು, ಹಾಲುಣಿಸುವ ತಾಯಂದಿರು ಕಾಯಬೇಕು, ಆಗ ನಂಬರ್ ಏರುಪೇರಾಗುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ, ಅದು ಕಣ್ಣು ಒಣಗಿಸುತ್ತದೆ. ಸಂಧಿವಾತದಂಥ ಕಾಯಿಲೆ, ಹತೋಟಿಗೆ ಬಾರದ ಶುಗರ್, ಮನೆಯಲ್ಲಿ ಯಾರಿಗಾದರೂ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೊಕೋನಸ್ ಇದ್ದರೆ, ಅದನ್ನೂ ಹೇಳಿ. ಮತ್ತೆ, ಕಣ್ಣು ಉಜ್ಜುವ ಅಭ್ಯಾಸ ಇದೆಯಾ? ಅದನ್ನು ಇವತ್ತೇ ಬಿಡಿ.

ನಲವತ್ತು ದಾಟಿದವರಿಗೆ ಒಂದು ಮಾತು. ದೂರದ್ದು ಸರಿಯಾದರೂ ಓದಲು ಕನ್ನಡಕ ಬರುತ್ತದೆ. ಅದು ಕಣ್ಣಿನೊಳಗಿನ ಮಸೂರ ಗಟ್ಟಿಯಾಗುವುದರಿಂದ ಬರುವಂಥದ್ದು, ಕಾರ್ನಿಯಾ ಕೆತ್ತಿದರೆ ನಿಲ್ಲುವುದಿಲ್ಲ. ಈಗ ಮೈನಸ್ ಮೂರು ಇರುವವರು ಕನ್ನಡಕ ತೆಗೆದು ಆರಾಮಾಗಿ ಪೇಪರ್ ಓದುತ್ತಾರಲ್ವಾ, ಲೇಸರ್ ಆದ ಮೇಲೆ ಆ ಅನುಕೂಲವೂ ಹೋಗುತ್ತದೆ. ಒಂದು ಕಣ್ಣು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ ಅಂತ ಮಾಡುವುದೂ ಉಂಟು. ಅದು ಒಗ್ಗುತ್ತದಾ ಅಂತ ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಯೇ ನೋಡಿ.

ತಪಾಸಣೆಯ ದಿನ

ಇಲ್ಲಿ ನಾನು ಎಡವಿದೆ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಕೊಂಚ ಬದಲಿಸುತ್ತದೆ. ಮೆತ್ತನೆಯ ಲೆನ್ಸ್ ಆದರೆ ಒಂದರಿಂದ ಎರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ ಅಥವಾ ಇನ್ನೂ ಜಾಸ್ತಿ, ತಪಾಸಣೆಗೆ ಮುಂಚೆಯೇ ಬಿಟ್ಟಿರಬೇಕು. ಆಪರೇಷನ್‌ಗೆ ಮುಂಚೆ ಅಲ್ಲ, ಅಳತೆಗೆ ಮುಂಚೆ. ನಾನು ನಾಲ್ಕು ದಿನ ಬಿಟ್ಟು ಹೋದೆ. ಮೊದಲು ಹೋದ ಕಡೆ ಲೆನ್ಸ್ ವಿಷಯ ಯಾರೂ ಕೇಳಲೇ ಇಲ್ಲ, ಒಂದು ಮಿಷಿನ್ನಿನಲ್ಲಿ ನೋಡಿದರು, ಇಪ್ಪತ್ತು ನಿಮಿಷಕ್ಕೆ "ಇವತ್ತೇ ಬುಕ್ ಮಾಡಿದರೆ ರಿಯಾಯಿತಿ" ಅಂದರು. ತರಕಾರಿ ಚೌಕಾಸಿ ಮಾಡಿದ ಹಾಗಿತ್ತು. ಎದ್ದು ಬಂದೆ. ಎರಡನೇ ಕಡೆ ಬಾಗಿಲಲ್ಲೇ ಕೇಳಿದರು, ನಾಲ್ಕು ದಿನ ಅಂದೆ, ಎರಡು ವಾರ ಬಿಟ್ಟು ಬನ್ನಿ ಅಂತ ವಾಪಸ್ ಕಳಿಸಿದರು. ಅವತ್ತು ಸಿಟ್ಟು ಬಂದಿತ್ತು. ಆದರೆ ಆಪರೇಷನ್ ಮಾಡಿಸಿಕೊಂಡದ್ದು ಅವರ ಹತ್ತಿರವೇ.

ಸರಿಯಾದ ತಪಾಸಣೆಗೆ ಅರ್ಧ ದಿನ ಹಿಡಿಯುತ್ತದೆ. ಕಾರ್ನಿಯಾದ ನಕ್ಷೆ ತೆಗೆಯುತ್ತಾರೆ, ಬಣ್ಣಬಣ್ಣದ ಚಿತ್ರ ಬರುತ್ತದೆ. ಹಿಂಬದಿಯ ಆಕಾರವನ್ನೂ ನೋಡಬೇಕು, ಯಾಕೆಂದರೆ ಕೆರಟೊಕೋನಸ್ ಎಷ್ಟೋ ಸಲ ಮೊದಲು ಅಲ್ಲೇ ತಲೆ ಎತ್ತುವುದು. ದಪ್ಪ ಅಳೆಯುತ್ತಾರೆ, ಕತ್ತಲಲ್ಲಿ ಪಾಪೆ ಎಷ್ಟು ಹಿಗ್ಗುತ್ತದೆ ನೋಡುತ್ತಾರೆ, ರೆಪ್ಪೆಯ ಒಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಕಣ್ಣೀರು ಎಷ್ಟು ದೂರ ಹರಿಯಿತು ಅಂತ ಲೆಕ್ಕ ಹಾಕುತ್ತಾರೆ. ಕೊನೆಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ನೋಡುತ್ತಾರೆ. ಇದಾದ ಮೇಲೆ ಗಂಟೆಗಟ್ಟಲೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಗಾಡಿ ಓಡಿಸಬೇಡಿ, ತಂಪು ಕನ್ನಡಕ ಒಯ್ಯಿರಿ.

ಡಾಕ್ಟರ್ ಮುಂದೆ ಕೂತಾಗ ಇಷ್ಟು ಕೇಳಿ ಬರೆದುಕೊಳ್ಳಿ: ನನ್ನ ಕಾರ್ನಿಯಾ ಎಷ್ಟು ದಪ್ಪ, ಕೆತ್ತಿದ ಮೇಲೆ ಎಷ್ಟು ಉಳಿಯುತ್ತದೆ, ಆಪರೇಷನ್ ಮಾಡುವವರು ನೀವೇನಾ, ಆಮೇಲೆ ನೋಡುವವರು ಯಾರು, ನಂಬರ್ ಸ್ವಲ್ಪ ಉಳಿದರೆ ಏನು ಮಾಡುತ್ತೀರಿ.

ಆಪರೇಷನ್ ದಿನ

ಊಟ ಮಾಡಿಕೊಂಡೇ ಹೋಗಬಹುದು, ಅರಿವಳಿಕೆ ಬರೀ ಡ್ರಾಪ್ಸ್. ಸೆಂಟ್, ಕಾಡಿಗೆ, ಕ್ರೀಮ್ ಏನೂ ಬೇಡ. ಸೆಂಟಿನ ಆವಿ ಲೇಸರ್‌ಗೆ ಅಡ್ಡಿ ಮಾಡುತ್ತದೆ. ತಲೆಯ ಮೇಲಿಂದ ಎಳೆಯುವ ಟೀ ಶರ್ಟ್ ಬಿಟ್ಟು ಗುಂಡಿ ಇರುವ ಅಂಗಿ ಹಾಕಿ, ರಾತ್ರಿ ಬಟ್ಟೆ ಬದಲಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಜೊತೆಗೆ ಒಬ್ಬರು ಇರಲೇಬೇಕು.

ನನ್ನದು ಲ್ಯಾಸಿಕ್. ಮಲಗಿಸಿ ಡ್ರಾಪ್ಸ್ ಹಾಕಿದ ಮೇಲೆ ರೆಪ್ಪೆ ಮುಚ್ಚದ ಹಾಗೆ ಸಣ್ಣ ತಂತಿಯ ಕ್ಲಿಪ್ ಸಿಕ್ಕಿಸುತ್ತಾರೆ. ನನಗೆ ಅತಿ ಕಿರಿಕಿರಿ ಅನ್ನಿಸಿದ್ದು ಇದೇ. ಆಮೇಲೆ ಒಂದು ಉಂಗುರ ಬಂದು ಕಣ್ಣನ್ನು ಹಿಡಿದುಕೊಳ್ಳುತ್ತದೆ, ಹೆಬ್ಬೆರಳಲ್ಲಿ ಅದುಮಿದ ಹಾಗೆ, ಮತ್ತು ನೋಟ ಮೆಲ್ಲಗೆ ಮಂಕಾಗಿ ಪೂರ್ತಿ ಕಪ್ಪಾಗಬಹುದು. ಹೆದರಬೇಡಿ, ಒತ್ತಡ ಬಿಟ್ಟ ತಕ್ಷಣ ಬೆಳಕು ವಾಪಸ್ ಬರುತ್ತದೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಕುರ್ಚಿಯ ಹಿಡಿ ಅಷ್ಟು ಗಟ್ಟಿಯಾಗಿ ಹಿಡಿಯುತ್ತಿರಲಿಲ್ಲ. ಫ್ಲ್ಯಾಪ್ ಎತ್ತುವಾಗ ಎದುರಿನ ದೀಪ ನೀರಲ್ಲಿ ಕದಡಿದ ಹಾಗೆ ಕಾಣುತ್ತದೆ. ಆಮೇಲೆ ಟಕ ಟಕ ಸದ್ದು, ಕೂದಲು ಸುಟ್ಟಂಥ ವಾಸನೆ, ಅರ್ಧ ಒಂದು ನಿಮಿಷ, ಅಷ್ಟೇ. ದೀಪ ನೋಡುತ್ತಿರಿ ಅನ್ನುತ್ತಾರೆ, ನೋಡುತ್ತಿರಿ. ಕಣ್ಣು ಕೊಂಚ ಅಲುಗಿದರೆ ಮಿಷಿನ್ ಹಿಂಬಾಲಿಸುತ್ತದೆ, ಜಾಸ್ತಿ ಅಲುಗಿದರೆ ತಾನೇ ನಿಲ್ಲುತ್ತದೆ.

ಆ ವಾಸನೆ ಬಂದರೂ ನಿಜವಾಗಿ ಏನೂ ಸುಡುವುದಿಲ್ಲ. 193 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್ ಅಕ್ಕಪಕ್ಕಕ್ಕೆ ಬಿಸಿ ತಾಗಿಸದೆ ಅಣುಗಳ ಬೆಸುಗೆ ಬಿಡಿಸಿ ಆವಿ ಮಾಡುತ್ತದೆ. 1981ರಲ್ಲಿ ಐಬಿಎಂ ಕಂಪನಿಯಲ್ಲಿದ್ದ, ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಈ ಲೇಸರ್ ಬಿಟ್ಟು ನೋಡಿದರು. ಸುಟ್ಟ ಗುರುತೇ ಇಲ್ಲದೆ ನೀಟಾಗಿ ಕತ್ತರಿಸಿತ್ತು. ಕಣ್ಣಿನ ಮೇಲೆ ಬಳಸಬಹುದು ಅನ್ನುವ ಯೋಚನೆ ಅದರ ನಂತರವೇ ಬಂದದ್ದು.

ಮನೆಗೆ ಬಂದ ಮೇಲೆ

ಮೊದಲ ನಾಲ್ಕೈದು ಗಂಟೆ ಹಸಿ ಸೌದೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕೂತ ಹಾಗೆ: ಉರಿ, ಧಾರಾಕಾರ ನೀರು, ಕಣ್ಣು ತೆರೆಯಲು ಆಗದು. ಮಲಗಿಬಿಡಿ. ನಿದ್ದೆಗಿಂತ ಒಳ್ಳೆ ಔಷಧಿ ಇಲ್ಲ. ಎದ್ದಾಗ ಗಡಿಯಾರದ ಮುಳ್ಳು ಕಾಣುತ್ತದೆ, ಸ್ವಲ್ಪ ಮಂಜಿನಲ್ಲಿ. ಪಿಆರ್‌ಕೆ ಆದವರಿಗೆ ಎರಡನೇ ಮೂರನೇ ದಿನ ಕಷ್ಟ ಜಾಸ್ತಿ. ಗಾಯ ಮಾಯುವವರೆಗೆ ಕಣ್ಣಿನ ಮೇಲೆ ಇಟ್ಟಿರುವ ಬ್ಯಾಂಡೇಜ್ ಲೆನ್ಸ್ ತೆಗೆಯುವುದು ನಾಲ್ಕೈದು ದಿನಕ್ಕೆ, ಅಲ್ಲಿಯವರೆಗೆ ರಜೆ ಹಾಕಿ.

ಡ್ರಾಪ್ಸ್ ವಿಷಯದಲ್ಲಿ ಸೋಮಾರಿತನ ಬೇಡ. ಸೋಂಕು ತಡೆಯಲು ಒಂದು, ಊತಕ್ಕೆ ಸ್ಟೀರಾಯ್ಡ್ ಒಂದು, ಒಣಗದ ಹಾಗೆ ಮೂರನೆಯದು. ಒಂದಾದ ಮೇಲೆ ಒಂದಕ್ಕೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ನಾನು ಗೋಡೆಗೆ ಒಂದು ಹಾಳೆ ಅಂಟಿಸಿ ಗೀಟು ಹಾಕುತ್ತಿದ್ದೆ, ಆದರೂ ಒಂದು ಸಂಜೆ ಒಂದೇ ಬಾಟಲಿಯನ್ನು ಎರಡು ಸಲ ಹಾಕಿಕೊಂಡೆ. ಮುಚ್ಚಳಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿದ ಮೇಲೆ ಸರಿಹೋಯಿತು. ಸ್ಟೀರಾಯ್ಡನ್ನು ಹೇಳಿದ ದಿನಕ್ಕಿಂತ ಬೇಗ ಬಿಡಬೇಡಿ, "ಚೆನ್ನಾಗಿದೆಯಲ್ಲ" ಅಂತ ತಿಂಗಳುಗಟ್ಟಲೆ ಹಾಕಲೂಬೇಡಿ. ಅದು ಕಣ್ಣಿನೊಳಗಿನ ಒತ್ತಡ ಏರಿಸಬಹುದು.

ಕಣ್ಣು ಉಜ್ಜುವುದು ಪೂರ್ತಿ ನಿಷೇಧ. ಫ್ಲ್ಯಾಪ್‌ಗೆ ಹೊಲಿಗೆ ಇಲ್ಲ, ತಾನಾಗಿಯೇ ಅಂಟಿಕೊಂಡಿರುತ್ತದೆ, ಉಜ್ಜಿದರೆ ಸರಿಯುತ್ತದೆ. ನಿದ್ದೆಯಲ್ಲಿ ಕೈ ಎಲ್ಲಿ ಹೋಗುತ್ತದೋ ಗೊತ್ತಾಗಲ್ಲ, ಅದಕ್ಕೇ ರಾತ್ರಿ ಪ್ಲಾಸ್ಟಿಕ್ ಕವಚ ಅಂಟಿಸಿಕೊಂಡು ಮಲಗಬೇಕು. ಒಂದು ವಾರ ಕಣ್ಣೊಳಗೆ ನಲ್ಲಿ ನೀರು ಬೀಳಬಾರದು. ಕುತ್ತಿಗೆಯಿಂದ ಕೆಳಗೆ ಸ್ನಾನ, ಮುಖಕ್ಕೆ ಒದ್ದೆ ಬಟ್ಟೆ. ಈಜು ಡಾಕ್ಟರ್ ಹೇಳಿದ ಮೇಲೆ. ನೋವು ಇಳಿಯುವ ಬದಲು ಏರುತ್ತಿದ್ದರೆ, ನೋಟ ದಿಢೀರ್ ಇಳಿದರೆ, ಕಣ್ಣು ಕೆಂಪಾಗಿ ಕೀವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಫೋನ್ ಮಾಡಿ.

ಒಣಗುವಿಕೆ ಬಹಳ ಜನಕ್ಕೆ ಬೇಸರ ತರಿಸುತ್ತದೆ. ಕಾರ್ನಿಯಾದ ನರಗಳು ಕತ್ತರಿಸಿರುತ್ತವೆ, ಅವು ಬೆಳೆಯುವವರೆಗೆ ಕಣ್ಣಿಗೆ ತಾನು ಒಣಗಿದ್ದೇ ತಿಳಿಯುವುದಿಲ್ಲ. ಮೂರರಿಂದ ಆರು ತಿಂಗಳು ಹಿಡಿಯಬಹುದು, ಕೆಲವರಿಗೆ ಇನ್ನೂ ಜಾಸ್ತಿ. ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್ ಜೇಬಲ್ಲಿರಲಿ, ಸ್ಕ್ರೀನ್ ನೋಡುವಾಗ ಬೇಕಂತಲೇ ರೆಪ್ಪೆ ಮಿಟುಕಿಸಿ. ರಾತ್ರಿ ದೀಪದ ಸುತ್ತ ಬಳೆಯಂತೆ ಪ್ರಭೆ ಕಾಣುವುದೂ ಇದೆ. ನನಗೆ ನಾಲ್ಕನೇ ತಿಂಗಳ ಹೊತ್ತಿಗೆ ಹೋಯಿತು, ಪೂರ್ತಿ ಹೋಗದವರೂ ಇದ್ದಾರೆ. ರಾತ್ರಿ ಗಾಡಿ ಓಡಿಸುವುದೇ ಕೆಲಸ ಆಗಿರುವವರು ಇದನ್ನು ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ.

ಕಾಗದ ಎಸೆಯಬೇಡಿ

ಆಪರೇಷನ್‌ಗೆ ಮುಂಚಿನ ಅಳತೆಗಳು, ಎಷ್ಟು ಮೈಕ್ರಾನ್ ತೆಗೆದರು ಅನ್ನುವುದು, ಎಲ್ಲದರ ಪ್ರತಿ ಕೇಳಿ ತೆಗೆದುಕೊಳ್ಳಿ. ವಯಸ್ಸಾದ ಮೇಲೆ ಪೊರೆ ಆಪರೇಷನ್ ಬಂದಾಗ ಯಾವ ಪವರ್ ಲೆನ್ಸ್ ಹಾಕಬೇಕು ಅಂತ ಲೆಕ್ಕ ಹಾಕಲು ಇದು ಬೇಕಾಗುತ್ತದೆ. ಮುಂದೆ ಯಾವ ಕಣ್ಣಿನ ಡಾಕ್ಟರ್ ಹತ್ತಿರ ಹೋದರೂ ಲೇಸರ್ ಆಗಿದೆ ಅಂತ ಬಾಯಿಬಿಟ್ಟು ಹೇಳಿ, ತೆಳುವಾದ ಕಾರ್ನಿಯಾದಲ್ಲಿ ಕಣ್ಣಿನ ಒತ್ತಡ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಕಣ್ಣಿನ ನರ ಹಾಳು ಮಾಡುವ ಗ್ಲಕೋಮಾ ಗೊತ್ತಾಗದೆ ಹೋಗಬಹುದು.

ಮೈನಸ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಮೈನಸ್ ಹೋಯಿತು ಅಂತ ಆ ಉದ್ದ ಕಮ್ಮಿಯಾಗಿಲ್ಲ. ಒಳಗೆ ರೆಟಿನಾ ಮೊದಲು ಹೇಗೆ ಎಳೆದುಕೊಂಡಿತ್ತೋ ಈಗಲೂ ಹಾಗೇ ಇದೆ. ಮಿಂಚು ಹೊಡೆದ ಹಾಗೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಜಾಸ್ತಿಯಾದರೆ, ಪಕ್ಕದಿಂದ ಪರದೆ ಇಳಿದಂತಾದರೆ ಅವತ್ತೇ ಓಡಬೇಕು. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಿಕೊಳ್ಳಿ. ನಾನು ಹೋಗುವಾಗ ಹಳೇ ಮೈನಸ್ ಐದರ ಚೀಟಿಯನ್ನೂ ಹಿಡಿದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಬೋರ್ಡಿನ ಕೊನೇ ಸಾಲು ಓದುವವಳ ಕಣ್ಣನ್ನು ಯಾರೂ ಅಷ್ಟು ಹೊತ್ತು ನೋಡುವುದಿಲ್ಲ.