ಹಳೇ ಆಟದ ಲೋಕಕ್ಕೆ ಹೊಸಬರನ್ನು ಕರೆತರುವ ಮುಂಚೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ, ಹೊಸ ಆಟಗಾರರಿಗೆ ಡಾರ್ಕ್ ಸನ್ ಅನ್ನೋ ಮರುಭೂಮಿ ಲೋಕದ ತರಹದ ಹಳೇ ಫ್ಯಾಂಟಸಿ ಲೋಕ ಆಡಿಸಬೇಕು ಅಂತಿದ್ದೀರಾ? ಮೊದಲು ಆ ಲೋಕದಿಂದ ಏನನ್ನು ತೆಗೆದರೆ ಅದು ಅದಾಗಿ ಉಳಿಯುವುದಿಲ್ಲ ಅನ್ನೋದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. 1991ರ ಡಾರ್ಕ್ ಸನ್‌ನಲ್ಲಿ ಅದು ಸುಲಭ: ಎಚ್ಚರವಿಲ್ಲದೆ ಮಂತ್ರ ಹಾಕಿದರೆ ಸುತ್ತಲಿನ ಗಿಡಮರಗಳ ಜೀವವೇ ಹೋಗಿ ನೆಲ ಬೂದಿಯಾಗುತ್ತದೆ. ಇದನ್ನು ಬಿಡಬೇಡಿ. ಸಾವಿರಾರು ವರ್ಷಗಳ ಇತಿಹಾಸ ಮೊದಲ ದಿನವೇ ಯಾಕೆ, ಸುಮ್ನೆ ತಲೆಭಾರ. ಒಂದು ಊರು, ಬತ್ತುತ್ತಿರುವ ಒಂದು ಬಾವಿ, ಅದಕ್ಕಾಗಿ ಜಗಳವಾಡುವ ಇಬ್ಬರು, ಇಷ್ಟರಿಂದ ಶುರು ಮಾಡಿ, ಉಳಿದದ್ದನ್ನು ಅವರು ಕೇಳಿದಾಗ ಹೇಳಿದರಾಯ್ತು.

ಇನ್ನೊಂದು ಮಾತು, ನನಗೆ ಇದೇ ಜಾಸ್ತಿ ಮುಖ್ಯ. ಹಳೇ ಪುಸ್ತಕಗಳಲ್ಲಿ ಎಷ್ಟೋ ಸಲ ಇಡೀ ಜನಾಂಗವನ್ನೇ ಕೆಟ್ಟವರು ಅಂತ ಬರೆದುಬಿಟ್ಟಿರುತ್ತಾರೆ. ಅದೇ ಆಟದ ಇನ್ನೊಂದು ಲೋಕ, ಭಯಾನಕ ಕಥೆಗಳ ರೇವನ್‌ಲಾಫ್ಟ್‌ನ ವಿಸ್ತಾನಿ ಅನ್ನೋ ಅಲೆಮಾರಿ ಜನರ ಚಿತ್ರಣದಲ್ಲಿ ಯುರೋಪಿನ ನಿಜವಾದ ರೋಮಾ ಜನರ ಬಗೆಗಿನ ಪೂರ್ವಗ್ರಹಗಳೇ ತುಂಬಿದ್ದವು, 2020ರಲ್ಲಿ ಪ್ರಕಾಶಕರೇ ಅದನ್ನು ತಿದ್ದಲು ಮುಂದಾದರು. ಕೆಟ್ಟತನವನ್ನು ಜನಾಂಗದಿಂದ ತೆಗೆದು ಒಬ್ಬ ವ್ಯಕ್ತಿಗೆ ಕೊಡಿ, ಅವನಿಗೊಂದು ಕಾರಣವನ್ನೂ ಕೊಡಿ. ಖಳ ಇನ್ನೂ ಗಟ್ಟಿಯಾಗುತ್ತಾನೆ, ಅಲ್ವಾ? ಡಾರ್ಕ್ ಸನ್‌ನಲ್ಲಿ ಗುಲಾಮಗಿರಿಯೂ ಇದೆ, ಹಾಗಾಗಿ ಆಟಕ್ಕೆ ಮುಂಚೆಯೇ ಎಲ್ಲರನ್ನೂ ಕೂರಿಸಿಕೊಂಡು ಯಾವ ವಿಷಯ ಬೇಡ ಅಂತ ಕೇಳಿಬಿಡಿ.